ಹಳೆ 1911 ಪಿಸ್ತೂಲು: ಎಕ್ಸ್‌ಟ್ರಾಕ್ಟರ್ ಬಿಗಿ ಸರಿಯಿತ್ತು, ಆದರೂ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿತ್ತು

ಕೊನೆಗೂ ಕಳ್ಳ ಸಿಕ್ಕ. ತಪ್ಪು ಎಕ್ಸ್‌ಟ್ರಾಕ್ಟರಿನದಲ್ಲ, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸನ್ನು ಹೊರಗೆಳೆಯುವ ಆ ಕೊಕ್ಕೆಯನ್ನು ಅಲುಗದಂತೆ ಹಿಡಿದಿಡಬೇಕಾದ ಫೈರಿಂಗ್ ಪಿನ್ ಸ್ಟಾಪಿನದು, ಅಂದರೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂಬದಿಯ ಪುಟ್ಟ ತಟ್ಟೆಯದು. ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ 1911 ಕೊಂಡು ಇದೇ ಗೋಳಿನಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲಿ ಎಂದು ಇದನ್ನೊಂದನ್ನೇ ವಿವರವಾಗಿ ಬರೆಯುತ್ತಿದ್ದೇನೆ. ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು ನಿಮಗೆ ಗೊತ್ತಿರುವ ಸಂಗತಿ, ಅದು ಬೇಡ.

ಪಿಸ್ತೂಲು ಕೋಲ್ಟ್ ಗವರ್ನಮೆಂಟ್ ಮಾಡೆಲ್, ಸೀರೀಸ್ 70, .45 ಎಸಿಪಿ ಗುಂಡಿನದು, 5 ಇಂಚಿನ ಬ್ಯಾರೆಲ್. ಲಕ್ಷಣ ಹೀಗಿತ್ತು: ಒಂದು ಕೇಸ್ ಬಲಕ್ಕೆ ಅಚ್ಚುಕಟ್ಟಾಗಿ ಹಾರುತ್ತದೆ, ಮುಂದಿನದು ನೆತ್ತಿಗೆ ಬಡಿಯುತ್ತದೆ, ಅದರ ಮುಂದಿನದು ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತುಬಿಡುತ್ತದೆ. ಒಂದೇ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ), ಒಂದೇ ಪೆಟ್ಟಿಗೆಯ ಗುಂಡು.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ, ಹಿಂದೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್. ಹೊಸದರ ಪಕ್ಕ ಇಟ್ಟರೆ ಹಳೆಯದು ಅರ್ಧ ಇಂಚಿಗಿಂತ ಹೆಚ್ಚೇ ಗಿಡ್ಡವಾಗಿತ್ತು. ಈ ಅಳತೆಯ ಪಿಸ್ತೂಲಿಗೆ 16 ಪೌಂಡಿನ ಸ್ಪ್ರಿಂಗ್ ಸಾಕು. ಸುಮಾರು 2000ದಿಂದ 3000 ಗುಂಡಿಗೊಮ್ಮೆ ಬದಲಿಸುವುದು ವಾಡಿಕೆ, ಜೊತೆಗೆ ಫೈರಿಂಗ್ ಪಿನ್ (ಗುಂಡಿನ ತಳಕ್ಕೆ ಬಡಿಯುವ ಮೊಳೆ) ಸ್ಪ್ರಿಂಗನ್ನೂ ಬದಲಿಸಿ. ಸೀರೀಸ್ 70ರಲ್ಲಿ ಫೈರಿಂಗ್ ಪಿನ್ನಿಗೆ ಬೇರೆ ತಡೆ ಇಲ್ಲ, ಕೈಜಾರಿ ಬಿದ್ದಾಗ ಪಿನ್ನನ್ನು ಹಿಂದೆ ಹಿಡಿಯುವುದು ಆ ಸ್ಪ್ರಿಂಗೊಂದೇ. ಕೆಲವರು ‘ಗಟ್ಟಿಯಿದ್ದರೆ ಒಳ್ಳೆಯದು’ ಎಂದು 18.5 ಪೌಂಡಿನದನ್ನು ತುರುಕುತ್ತಾರೆ. ಮಾಮೂಲಿ ಗುಂಡಿಗೆ ಅದು ಬೇಡ. ಸ್ಲೈಡ್ ಹಿಂದಕ್ಕೆ ಹೋಗುವ ವೇಗ ಕುಗ್ಗಿ ಕೇಸ್ ಇನ್ನೂ ಸೋತು ಬೀಳುತ್ತದೆ, ಮುಂದಕ್ಕೆ ಬರುವಾಗ ಪೆಟ್ಟೂ ಜಾಸ್ತಿ.

ಹೊಸ ಸ್ಪ್ರಿಂಗಿನಿಂದ ಹೊಡೆತ ನಯವಾಯಿತು, ಕೇಸುಗಳ ಹುಚ್ಚಾಟ ನಿಲ್ಲಲಿಲ್ಲ. ಮ್ಯಾಗಜೀನ್ ಬದಲಿಸಿದರೂ ಅದೇ ಕಥೆ. ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಫ್ರೇಮಿನಲ್ಲಿ (ಪಿಸ್ತೂಲಿನ ಕೆಳಗಿನ ಒಡಲು) ಗಟ್ಟಿಯಾಗಿ ಕೂತಿತ್ತು.

ಇನ್ನು ಎಕ್ಸ್‌ಟ್ರಾಕ್ಟರ್. 1911ರಲ್ಲಿ ಇದಕ್ಕೆ ಬೇರೆ ಸ್ಪ್ರಿಂಗ್ ಇಲ್ಲ, ಉದ್ದನೆಯ ಉಕ್ಕಿನ ಕಡ್ಡಿಯೇ ಬಾಗಿ ಸ್ಪ್ರಿಂಗಾಗುತ್ತದೆ. ಸ್ಲೈಡನ್ನು ಬೇರೆ ಮಾಡಿ, ಡಮ್ಮಿ ಗುಂಡಿನ ಅಂಚನ್ನು ಕೊಕ್ಕೆಯ ಕೆಳಗೆ ತಳ್ಳಿ ಮೆಲ್ಲಗೆ ಅಲುಗಿಸಿದರೆ ಬೀಳದೆ ನಿಲ್ಲಬೇಕು. ಬಿಗಿ ಅಳೆಯುವ ಗೇಜ್ ಇದ್ದರೆ .45ಕ್ಕೆ 25ರಿಂದ 28 ಔನ್ಸ್, ಅಂದರೆ ಸುಮಾರು 700ರಿಂದ 800 ಗ್ರಾಂ ಬರಬೇಕು. ಕಡಿಮೆಯಿದ್ದರೆ ಕೊಕ್ಕೆಯ ತುದಿಯನ್ನಷ್ಟೇ ಅದರದೇ ತೂತಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಚೂರು ಚೂರೇ ಒತ್ತಿ ಬಾಗಿಸುತ್ತಾರೆ. ಇಲ್ಲಿ ಬಿಗಿ ಸರಿಯಿತ್ತು. ಕೊಕ್ಕೆಯ ಕೆಳಮೂಲೆ ದುಂಡಗಿತ್ತು, ತುದಿಯಲ್ಲಿ ಮುರುಕಿರಲಿಲ್ಲ. ಗೇಜ್ ಪಾಸ್, ಪಿಸ್ತೂಲು ಫೇಲ್.

ಉತ್ತರ ಸಿಕ್ಕಿದ್ದು ಸ್ಲೈಡಿನ ಹಿಂಬದಿಯಲ್ಲಿ. ಸ್ಲೈಡನ್ನು ಕೈಯಲ್ಲಿ ಹಿಡಿದು, ಮುಂದಿನಿಂದ ಕೊಕ್ಕೆಯನ್ನು ಉಗುರಿನಿಂದ ಮೇಲಕ್ಕೂ ಕೆಳಕ್ಕೂ ತಿರುಚಿ, ಎಕ್ಸ್‌ಟ್ರಾಕ್ಟರಿನ ಬಾಲವನ್ನು ನೋಡಿ. ಇದರಲ್ಲಿ ಬಾಲ ಕಣ್ಣಿಗೆ ಕಾಣುವಷ್ಟು ತಿರುಗುತ್ತಿತ್ತು. ಎಕ್ಸ್‌ಟ್ರಾಕ್ಟರ್ ದುಂಡನೆಯ ತೂತಿನಲ್ಲಿರುವ ದುಂಡನೆಯ ಕಡ್ಡಿ. ಅದು ಉರುಳದಂತೆ ತಡೆಯುವುದು ಒಂದೇ: ಬಾಲದ ಕಚ್ಚಿನ ಚಪ್ಪಟೆ ತಳಕ್ಕೆ ಒತ್ತಿ ನಿಲ್ಲುವ ಫೈರಿಂಗ್ ಪಿನ್ ಸ್ಟಾಪಿನ ಅಂಚು. ಸ್ಟಾಪ್ ಅಗಲದಲ್ಲಿ ಕೂದಲಷ್ಟು ಕಡಿಮೆಯಾದರೂ ಕಡ್ಡಿ ಉರುಳುತ್ತದೆ. ದಪ್ಪ ಕಡಿಮೆಯಾದರೆ ಹಿಂದೆ ಮುಂದೆ ಓಡಾಡುತ್ತದೆ, ಅದು ಬೇರೆ ತೊಂದರೆ.

ಉರುಳಿದರೆ ಆಗುವುದೇನು? ಎಡಗಡೆ ಎಜೆಕ್ಟರ್ ಕೇಸಿನ ತಳಕ್ಕೆ ಗುದ್ದುತ್ತದೆ, ಬಲಗಡೆ ಕೊಕ್ಕೆ ತಿರುಗಣಿಯಾಗಿ ನಿಲ್ಲುತ್ತದೆ. ಕೊಕ್ಕೆ ಪ್ರತಿಸಲ ಬೇರೆ ಎತ್ತರದಲ್ಲಿದ್ದರೆ ಕೇಸ್ ಪ್ರತಿಸಲ ಬೇರೆ ದಿಕ್ಕಿಗೆ ಹೋಗುತ್ತದೆ. ಕಾವು ಸಡಿಲವಾದ ಕೊಡಲಿಯ ಹಾಗೆ: ಪೆಟ್ಟು ಬೀಳುತ್ತದೆ, ಬೇಕಾದಲ್ಲಿ ಬೀಳುವುದಿಲ್ಲ. ಗೇಜಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅಳೆಯುವಾಗ ಕೊಕ್ಕೆ ನೇರವಾಗಿ ನಿಂತಿರುತ್ತದೆ. ಗುಂಡು ಹಾರಿ ಸ್ಲೈಡ್ ಜಗ್ಗಿದಾಗಲೇ ಅದು ತಿರುಗುವುದು. ಎಕ್ಸ್‌ಟ್ರಾಕ್ಟರ್ ಬಾಗಿಸಿ ಬಾಗಿಸಿ ಕೆಡಿಸುವ ಮೊದಲು ಇದನ್ನು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಪರಿಹಾರ, ಅಳತೆ ಮೀರಿಸಿ ಮಾಡಿದ ಸ್ಟಾಪ್ ತಂದು ಅರದಿಂದ ಉಜ್ಜಿ ಕೂರಿಸುವುದು. ಇಲ್ಲಿ ಮಾರಾಟಗಾರರ ಬಗ್ಗೆ ಹೇಳಲೇಬೇಕು. ಆನ್‌ಲೈನ್ ಅಂಗಡಿಯೊಂದು ‘ಅಳತೆ ಮೀರಿದ್ದು’ ಎಂದು ಬರೆದು ಕಳಿಸಿದ ಸ್ಟಾಪ್, ಕ್ಯಾಲಿಪರಿನಲ್ಲಿ ಹಿಡಿದರೆ ಹಳೆಯದರಷ್ಟೇ ಅಗಲ. ವಾಪಸ್ ಕಳಿಸುವ ಅಂಚೆ ಖರ್ಚೂ ಕೊಂಡವರದೇ ಅಂತೆ! ವಿವರಣೆಯಲ್ಲಿ ಅಳತೆಯ ಅಂಕಿ ಇಲ್ಲದಿದ್ದರೆ ಮೊದಲೇ ಕೇಳಿ. ‘ಹಾಗೇ ಕೂರುತ್ತದೆ’ ಎಂದು ಬರೆದದ್ದನ್ನಂತೂ ಈ ಕೆಲಸಕ್ಕೆ ಮುಟ್ಟಬೇಡಿ. ಹಾಗೇ ಕೂರುವ ಸ್ಟಾಪೇ ಇಲ್ಲಿನ ರೋಗ.

ಸರಿಯಾದ ಸ್ಟಾಪ್ ಬಂದ ಮೇಲೆ ಉಜ್ಜಬೇಕಾದ್ದು ಸ್ಟಾಪನ್ನು ಮಾತ್ರ. ಎಕ್ಸ್‌ಟ್ರಾಕ್ಟರಿನ ಕಚ್ಚಿಗೆ ಅರ ತಾಗಿಸಬೇಡಿ. ಅಂಚಿಗೆ ಮಾರ್ಕರ್ ಬಳಿದು ಸ್ಲೈಡಿನಲ್ಲಿ ತಳ್ಳಿ ನೋಡಿ, ಬಣ್ಣ ಹೊಳಪಾದ ಕಡೆ ಸಣ್ಣ ಅರದಿಂದ ಎರಡೇ ಎಳೆತ, ಮತ್ತೆ ನೋಡಿ. ಅಂಚು ಲಂಬವಾಗಿಯೇ ಇರಲಿ, ವಾಲಿದರೆ ಕೊಕ್ಕೆಯೂ ವಾಲುತ್ತದೆ. ಹೆಬ್ಬೆರಳಿನಿಂದ ಮುಕ್ಕಾಲು ಏರಿ, ಉಳಿದದ್ದು ಪ್ಲಾಸ್ಟಿಕ್ ಸುತ್ತಿಗೆಯ ಮೆದು ತಟ್ಟಿಗೆ ಏರಿದರೆ ಅಲ್ಲಿಗೆ ಅರ ಕೆಳಗಿಡಿ. ಫೈರಿಂಗ್ ಪಿನ್ನಿನ ಹಿಂತುದಿ ಸ್ಟಾಪಿನ ತೂತಿನಲ್ಲಿ ನಡುವೆ ನಿಂತು, ಒತ್ತಿದರೆ ಒಳಗೆ ಹೋಗಿ ತಾನೇ ವಾಪಸ್ ಬರಬೇಕು.

ಇಂಥ ಸ್ಟಾಪಿನ ತಳದ ಅಂಚು ಸಾಮಾನ್ಯವಾಗಿ ಚೌಕವಾಗಿ ಬರುತ್ತದೆ. ಅದನ್ನು ನೀವೇ ದುಂಡು ಮಾಡಬೇಕು. 1911ರ ಮೂಲ ವಿನ್ಯಾಸದಲ್ಲಿ ಈ ದುಂಡು ಸಣ್ಣದು, 5/64 ಇಂಚು, ಸುಮಾರು 2 ಮಿಲಿಮೀಟರ್. ಅಷ್ಟೇ ಇಟ್ಟರೆ ಸ್ಲೈಡ್ ಕೈಯಲ್ಲಿ ಎಳೆಯುವಾಗ ಸ್ವಲ್ಪ ಬಿಗಿ ಎನಿಸುತ್ತದೆ, ಆದರೆ ಗುಂಡು ಹೊಡೆದಾಗ ಹ್ಯಾಮರನ್ನು (ಫೈರಿಂಗ್ ಪಿನ್ನಿಗೆ ಹೊಡೆಯುವ ಸುತ್ತಿಗೆ) ಮಗುಚಲು ಸ್ಲೈಡ್ ಹೆಚ್ಚು ಶಕ್ತಿ ಕಳೆದುಕೊಳ್ಳುವುದರಿಂದ ಹಿಂದಿನ ಬಡಿತ ತಗ್ಗುತ್ತದೆ. ನನಗೆ ಅದೇ ಇಷ್ಟ.

ಜೋಡಿಸಿದ ಮೇಲಿನ ಪರೀಕ್ಷೆಗಳನ್ನು ತಪ್ಪಿಸಬೇಡಿ. ಮ್ಯಾಗಜೀನ್ ಹೊರಗೆ, ಚೇಂಬರ್ (ಬ್ಯಾರೆಲಿನಲ್ಲಿ ಗುಂಡು ಕೂರುವ ಜಾಗ) ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ, ಅಸಲಿ ಗುಂಡು ಬೇರೆ ಕೋಣೆಯಲ್ಲಿ. ಸ್ಲೈಡನ್ನು ಕಾಲು ಇಂಚು ಹಿಂದಕ್ಕೆ ಹಿಡಿದು ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳಬಾರದು. ಸ್ಲೈಡ್ ಬಿಟ್ಟು, ಹ್ಯಾಮರ್ ಏರಿಸಿ ಸೇಫ್ಟಿ ಹಾಕಿ ಟ್ರಿಗರನ್ನು ಜೋರಾಗಿ ಒತ್ತಿ ಬಿಡಿ. ಸೇಫ್ಟಿ ತೆಗೆದು, ಹ್ಯಾಮರನ್ನು ಮೆಲ್ಲಗೆ ಹಿಂದೆಳೆದು ಕಿವಿಗೊಡಿ. ‘ಟಿಕ್’ ಎಂದರೆ ಸೇಫ್ಟಿ ಹಾಕಿದ್ದಾಗಲೇ ಹ್ಯಾಮರನ್ನು ತಡೆದು ಹಿಡಿಯುವ ಸಿಯರ್ ಜರುಗಿದೆ ಎಂದರ್ಥ, ಅದನ್ನು ಸರಿಮಾಡಿಸದೆ ಗುಂಡು ತುಂಬಬೇಡಿ. ಎಡಗಡೆಯ ಪ್ಲಂಜರ್ ಟ್ಯೂಬನ್ನೂ (ಸೇಫ್ಟಿಯನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಕೊಳವೆ) ಅಲುಗಿಸಿ ನೋಡಿ, ಅದು ಸಡಿಲವಾದರೆ ಸೇಫ್ಟಿಯೇ ಸಿಕ್ಕಿಕೊಳ್ಳಬಹುದು.

ರೇಂಜಿನಲ್ಲಿ ನಿಜವಾದ ಪರೀಕ್ಷೆ ಇದು: ಮ್ಯಾಗಜೀನಿನಿಂದ ಒಂದು ಗುಂಡು ಚೇಂಬರಿಗೆ ಏರಿಸಿ, ಮ್ಯಾಗಜೀನ್ ತೆಗೆದು ಹೊಡೆಯಿರಿ. ಕೆಳಗಿನ ಗುಂಡಿನ ಆಸರೆ ಇಲ್ಲದೆಯೂ ಕೇಸ್ ಹೊರಗೆ ಹಾರಬೇಕು. ಮೊದಲು ಇದೇ ಪಿಸ್ತೂಲಿನಲ್ಲಿ ಕೇಸ್ ಹಿಡಿಕೆಯೊಳಗೆ ಉದುರುತ್ತಿತ್ತು, ಈಗ ಎಲ್ಲವೂ ಬಲಕ್ಕೆ, ಒಂದೇ ಗುಡ್ಡೆಯಾಗಿ ಬೀಳುತ್ತಿವೆ. ಒಂದು ಎಚ್ಚರಿಕೆ: ಗುಂಡನ್ನು ಕೈಯಿಂದ ಚೇಂಬರಿಗೆ ಹಾಕಿ ಸ್ಲೈಡ್ ಬಡಿಯಬೇಡಿ. ಕೇಸಿನ ಅಂಚು ಮ್ಯಾಗಜೀನಿನಿಂದ ಮೇಲೇರುತ್ತ ಕೊಕ್ಕೆಯಡಿ ಜಾರಬೇಕು, ಮೇಲಿಂದ ಹಾರಿ ಕಚ್ಚುವಂತೆ ಕೊಕ್ಕೆಯನ್ನು ಮಾಡಿಲ್ಲ. ಬಿಗಿ ಹೋಗುತ್ತದೆ, ಇಲ್ಲವೇ ತುದಿ ಮುರಿಯುತ್ತದೆ.

ಊರಿನಲ್ಲಿ ಓದುತ್ತಿರುವವರಿಗೆ: ಅಮೆರಿಕದ ಫೆಡರಲ್ ಕಾನೂನಿಗೆ ಪಿಸ್ತೂಲಿನ ಫ್ರೇಮೇ ಬಂದೂಕು, ಸ್ಪ್ರಿಂಗು ಸ್ಟಾಪುಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಭಾರತದ 1959ರ ಆಯುಧ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ, ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು. ಅಲ್ಲಿ ಇದೆಲ್ಲ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ.

ಮುಂದಿನ ಸರದಿ ಬ್ಯಾರೆಲ್ ಬುಶಿಂಗ್, ಬ್ಯಾರೆಲಿನ ಬಾಯಿಯನ್ನು ಸ್ಲೈಡಿನಲ್ಲಿ ಹಿಡಿದಿಡುವ ಬಳೆ. ಸೀರೀಸ್ 70ಕ್ಕೆ ಕೋಲ್ಟ್ ಹಾಕಿದ ಬೆರಳು ಬೆರಳಾಗಿ ಸೀಳಿದ ಬುಶಿಂಗಿನ ಬೆರಳುಗಳು ಮುರಿಯುವುದು ಹಳೆಯ ಕಾಯಿಲೆ, ಮುರಿದ ಚೂರು ಸ್ಲೈಡನ್ನೇ ಕಟ್ಟಿಹಾಕಬಹುದು. ಇಡಿಯಾದ ಬುಶಿಂಗ್ ತರಬೇಕು. ಆದರೆ ಈ ಬ್ಯಾರೆಲಿನ ಬಾಯಿ ಭಾಗ ಸ್ವಲ್ಪ ದಪ್ಪ, ಆದ್ದರಿಂದ ಮೊದಲು ಮೈಕ್ರೋಮೀಟರಿನಲ್ಲಿ ಹಿಡಿದು ಆಮೇಲೆ ಆರ್ಡರ್. ಈ ಸಲ ಅಳತೆಯ ಅಂಕಿ ಬರಹದಲ್ಲಿ ಕೊಡುವ ಅಂಗಡಿಗೆ ಮಾತ್ರ.