ಲಂಡನ್‌ನ ಪೋಸ್ಟ್‌ಮ್ಯಾನ್ಸ್ ಪಾರ್ಕ್

ಸೇಂಟ್ ಪಾಲ್ಸ್ ಕೆಥೆಡ್ರಲ್ ಮುಂದೆ ಜನಜಾತ್ರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಕಚೇರಿ ಕಟ್ಟಡಗಳ ನಡುವೆ ಒಂದು ಪುಟ್ಟ ಪಾರ್ಕ್ ಇದೆ. ಗೇಟ್ ಕಣ್ಣಿಗೇ ಬೀಳಲ್ಲ. 1880ರಲ್ಲಿ ಶುರುವಾದದ್ದು. ಹತ್ತಿರದ ದೊಡ್ಡ ಅಂಚೆ ಕಚೇರಿಯವರು ಬಿಡುವಿನಲ್ಲಿ ಬಂದು ಕೂರುತ್ತಿದ್ದರಂತೆ, ಹಾಗಾಗಿ ಆ ಹೆಸರು. ಮೊದಲು ಇದು ಚರ್ಚಿನ ಸ್ಮಶಾನ. ನೆಲ ಪಕ್ಕದ ರಸ್ತೆಗಿಂತ ಎತ್ತರದಲ್ಲಿದೆ. ಯಾಕೆ ಅಂದರೆ, ಹೂಳಲು ಜಾಗ ಸಾಲದೆ ಒಂದರ ಮೇಲೊಂದು ಹೂಳುತ್ತಾ ಹೋಗಿದ್ದರು!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಗೋಡೆ. ಮರದ ಚಾವಣಿಯ ಕೆಳಗೆ ಸಾಲಾಗಿ ಸೆರಾಮಿಕ್ ಫಲಕಗಳು. ಇನ್ನೊಬ್ಬರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯರ ಹೆಸರುಗಳು. ಗಾರೆ ಕೂಲಿಯವನ ಮಗಳು ಆಲಿಸ್ ಏರ್ಸ್, 1885ರಲ್ಲಿ ಹೊತ್ತಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ತಾನು ಸತ್ತಳು. ಗೆಳತಿಗೆ ಹತ್ತಿದ ಬೆಂಕಿ ಆರಿಸಲು ಹೋದ ನಾಟಕದ ಕಲಾವಿದೆ ಸಾರಾ ಸ್ಮಿತ್. ಕೆಲವೇ ಸಾಲು, ಅಷ್ಟೇ. ಹೊಗಳಿಕೆ ಜಾಸ್ತಿ ಇಲ್ಲ, ಅದಕ್ಕೇ ನಾಟುತ್ತದೆ.

ಇದು ಚಿತ್ರಕಾರ ಜಿ.ಎಫ್. ವಾಟ್ಸ್ ಕನಸು. 1887ರಲ್ಲೇ ಕೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1900ರಲ್ಲಿ ಆಯಿತು. ರಾಜರಿಗೆ, ಸೇನಾಪತಿಗಳಿಗೆ ಕುದುರೆ ಮೇಲಿನ ಪ್ರತಿಮೆ ಬೇಗ ಸಿಗುತ್ತದೆ, ಅಲ್ವಾ? 120 ಫಲಕಗಳಿಗೆ ಜಾಗ ಇಟ್ಟಿದ್ದರು, ತುಂಬಿರುವುದು ಅರ್ಧವೂ ಇಲ್ಲ. 2009ರಲ್ಲಿ ಮತ್ತೊಂದು ಸೇರಿತು.

ಆ ಕಡೆ ಹೋದವರು ಸುಮ್ನೆ ಒಮ್ಮೆ ಒಳಗೆ ಹೋಗಿ ಬನ್ನಿ. ಮಧ್ಯಾಹ್ನದ ಊಟದ ಹೊತ್ತು ಬೇಡ, ಆಫೀಸಿನವರು ಬೆಂಚು ಬಿಟ್ಟುಕೊಡಲ್ಲ.