ಪೆಂಟಿಯಂ ತೆಗೆದು ಐ5 ಕೂರಿಸುವ ಮುನ್ನ

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹತ್ತಿರವಿರುವ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರನ್ನು 2013ರಲ್ಲಿ ಬಿಡಿಭಾಗ ತಂದು ಜೋಡಿಸಿದ್ದು. ಪೆಂಟಿಯಂ ಜಿ2020 ಪ್ರೊಸೆಸರ್, ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆಗ ಸಣ್ಣ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಇಂಥದೇ ಜೋಡಣೆ ಇರುತ್ತಿತ್ತು. ಮದುವೆ ಪತ್ರಿಕೆ, ರಸೀದಿ ಪುಸ್ತಕ, ಫ್ಲೆಕ್ಸ್ ವಿನ್ಯಾಸ, ಆನ್‌ಲೈನ್ ಅರ್ಜಿ, ಇವೇ ಅದರ ನಿತ್ಯದ ಕೆಲಸ. ನಮ್ಮೂರಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಪತ್ರಿಕೆ ಬೇಕೆನ್ನುವವರು ಇರುವುದರಿಂದ ಪೇಜ್‌ಮೇಕರ್, ನುಡಿ, ಇನ್‌ಪೇಜ್, ಕೋರೆಲ್‌ಡ್ರಾ ಎಲ್ಲವೂ ಆ ಒಂದೇ ಯಂತ್ರದಲ್ಲಿ ಸಂಸಾರ ಮಾಡಿಕೊಂಡಿವೆ. ಈಚೆಗೆ ಗಿರಾಕಿಗಳು ಅಚ್ಚಾದ ಕಾರ್ಡಿನ ಜೊತೆಗೆ ವಾಟ್ಸಾಪ್‌ನಲ್ಲಿ ಕಳಿಸಲು ಹಾಡು, ಫೋಟೊ ಸೇರಿಸಿದ ವಿಡಿಯೊ ಆಮಂತ್ರಣವನ್ನೂ ಕೇಳತೊಡಗಿದ್ದಾರೆ. ಯಂತ್ರ ನಿಧಾನವೆಂಬ ದೂರು ಮೊದಲೂ ಇತ್ತು. ಇದಾದ ಮೇಲೆ ಅದು ತಡೆಯಲಾರದಷ್ಟಾಯಿತು. ರಿಪೇರಿಗೆ ಬರುವ ಹುಡುಗ ಒಂದೇ ಮಾತಿನಲ್ಲಿ ಪರಿಹಾರ ಹೇಳಿದ: "ಪ್ರೊಸೆಸರ್ ಬದ್ಲಿ ಮಾಡಿಬಿಡ್ರಿ ಅಣ್ಣಾ, ಐ5 ಹಾಕಿದ್ರ ಭಾಳ ಚಲೋ ಓಡ್ತದ."

ಆ ಮಾತನ್ನು ಒಪ್ಪುವ ಮುನ್ನ ನಮ್ಮನ್ನು ಕಾಯಿಸುತ್ತಿರುವುದು ನಿಜವಾಗಿ ಯಾವ ಭಾಗ ಎಂಬುದನ್ನು ನೋಡಬೇಕೆನಿಸಿತು. ಅದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಆ ಕಿಟಕಿಯನ್ನು ಮೂಲೆಯಲ್ಲಿಟ್ಟುಕೊಂಡೇ ಎಂದಿನ ಕೆಲಸ ಮಾಡುತ್ತ ಹೋದರೆ ಯಂತ್ರದ ಯಾವ ಅಂಗ ಏದುಸಿರು ಬಿಡುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮಲ್ಲಿ ಕಂಡದ್ದು ಹೀಗಿತ್ತು: ಬೆಳಿಗ್ಗೆ ಯಂತ್ರ ಶುರುವಾದ ಮೇಲಿನ ಬಹಳ ಹೊತ್ತು, ಕೋರೆಲ್‌ಡ್ರಾ ತೆರೆಯುವಾಗ, ಹಳೆಯ ಕಾರ್ಡಿನ ಫೈಲು ಹುಡುಕುವಾಗ ಡಿಸ್ಕಿನ ಅಂಕಣ ನೂರು ಪ್ರತಿಶತಕ್ಕೆ ಅಂಟಿಕೊಂಡಿರುತ್ತಿತ್ತು, ಪ್ರೊಸೆಸರ್ ಮಾತ್ರ ಇಪ್ಪತ್ತು ಮೂವತ್ತರ ಆಚೀಚೆ ಆರಾಮವಾಗಿತ್ತು.

ಇದಕ್ಕೆ ಕಾರಣ ಹಾರ್ಡ್‌ಡಿಸ್ಕಿನ ರಚನೆಯಲ್ಲೇ ಇದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸೆಕೆಂಡಿಗೆ 120 ಸಲ ಸುತ್ತುತ್ತದೆ. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಮಿಗಿಲು ಕಾಲ ಹಿಡಿಯುತ್ತದೆ, ಸೂಜಿಯ ತೋಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಚದುರಿಬಿದ್ದ ಸಣ್ಣ ಸಣ್ಣ ಫೈಲುಗಳನ್ನು ಓದಬೇಕಾದಾಗ ಸೆಕೆಂಡಿಗೆ ನೂರು ಫೈಲೂ ಮುಟ್ಟಲಾಗದು. ವಿಂಡೋಸ್ ಶುರುವಾಗುವುದು, ದೊಡ್ಡ ಸಾಫ್ಟ್‌ವೇರ್ ತೆರೆದುಕೊಳ್ಳುವುದು, ನೂರಾರು ಫಾಂಟುಗಳನ್ನು ಓದಿಕೊಳ್ಳುವುದು, ಇವೆಲ್ಲ ಇಂಥ ಚದುರಿದ ಓದೇ. ಡಿಟಿಪಿ ಯಂತ್ರಗಳಲ್ಲಿ ಫಾಂಟುಗಳ ರಾಶಿ ಎಷ್ಟಿರುತ್ತದೆಂದು ಈ ಕಸುಬಿನವರಿಗೆ ಹೇಳಬೇಕಾಗಿಲ್ಲ. ಸೂಜಿ ಬರುವವರೆಗೆ ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಸುಮ್ಮನೆ ಕೂತಿರಬೇಕು. 1967ರಲ್ಲಿ ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ತಜ್ಞ ಮುಂದಿಟ್ಟ ಲೆಕ್ಕಾಚಾರ ಇಲ್ಲಿಗೂ ಸಲ್ಲುತ್ತದೆ: ಒಂದು ನಿಮಿಷ ಕಾಯಿಸುವ ಕೆಲಸದಲ್ಲಿ ಪ್ರೊಸೆಸರಿನ ಪಾಲು ಹತ್ತೇ ಸೆಕೆಂಡಾಗಿದ್ದರೆ, ಅದರ ವೇಗವನ್ನು ಎರಡು ಪಟ್ಟು ಮಾಡಿದರೂ ಉಳಿಯುವುದು ಐದು ಸೆಕೆಂಡು ಮಾತ್ರ. ಮಿಕ್ಕ ಐವತ್ತು ಸೆಕೆಂಡು ಎಂದಿನಂತೆಯೇ ಕಾಯಬೇಕು.

ಆದ್ದರಿಂದ ಮೊದಲು, ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಕೂಡಿಡುವ ಎಸ್‌ಎಸ್‌ಡಿ ಹಾಕಿಸಿದೆ. ಎಚ್61 ಬೋರ್ಡಿನಲ್ಲಿ ಡಿಸ್ಕನ್ನು ಜೋಡಿಸುವ ಸಾಟಾ ಸಂಪರ್ಕ ಹಳೆಯದು; ಅದರ ಮಿತಿ ಸೆಕೆಂಡಿಗೆ 3 ಗಿಗಾಬಿಟ್, ಅಂದರೆ ಸುಮಾರು 300 ಎಂಬಿ. ಎಸ್‌ಎಸ್‌ಡಿಯ ಡಬ್ಬದ ಮೇಲೆ ಸೆಕೆಂಡಿಗೆ 500 ಎಂಬಿಗಿಂತ ಹೆಚ್ಚೆಂದು ಬರೆದಿದ್ದರೂ ಈ ಬೋರ್ಡಿನಲ್ಲಿ 300ಕ್ಕೂ ಕೆಳಗೇ ನಿಲ್ಲುತ್ತದೆ. ಇದನ್ನು ಮುಂದಿಟ್ಟುಕೊಂಡು ಹಳೆಯ ಬೋರ್ಡಿಗೆ ಎಸ್‌ಎಸ್‌ಡಿ ದಂಡ ಎನ್ನುವವರಿದ್ದಾರೆ. ಆ ಮಾತು ಸರಿಯಲ್ಲ. ನಮ್ಮನ್ನು ಕಾಯಿಸುತ್ತಿದ್ದುದು ಸಾಲಾಗಿ ಓದುವ ವೇಗವಲ್ಲ, ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಾಗಲಿ ಸರಿಯುವ ತೋಳಾಗಲಿ ಇಲ್ಲದ ಕಾರಣ ಆ ಹುಡುಕಾಟ ಹಳೆಯ ಸಾಟಾದಲ್ಲೂ ಇಲ್ಲವಾಗುತ್ತದೆ. ಜೊತೆಗೆ 4 ಜಿಬಿಯ ಇನ್ನೊಂದು ಡಿಡಿಆರ್3 ರ್‍ಯಾಮ್ ಸೇರಿಸಿ ಒಟ್ಟು 8 ಜಿಬಿ ಮಾಡಿದ್ದಾಯಿತು. ಕ್ರೋಮ್ ಮತ್ತು ಕೋರೆಲ್‌ಡ್ರಾ ಎರಡೂ ತೆರೆದಿದ್ದಾಗ ಹಳೆಯ ನಾಲ್ಕು ಜಿಬಿ ಸಾಲದೆ ವಿಂಡೋಸ್ ಡಿಸ್ಕನ್ನೇ ರ್‍ಯಾಮಿನಂತೆ ಬಳಸತೊಡಗುತ್ತಿತ್ತು.

ಕ್ಯಾಬಿನೆಟ್ ಬಿಚ್ಚಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರೊಸೆಸರ್ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೂದು ಬಣ್ಣದ ದಪ್ಪ ಪದರ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಒಂದು ತುದಿ ಹಿಡಿದೆಳೆದರೆ ಹರಿಯದೆ ಇಡಿಯಾಗಿ ಎದ್ದು ಬಂತು. ಹತ್ತಿಯ ಸುಗ್ಗಿಯಲ್ಲಿ ಗಂಜ್ ಕಡೆಯಿಂದ ಹಾರಿ ಬರುವ ನವಿರಾದ ಎಳೆ, ರಸ್ತೆಯ ಧೂಳು ಎರಡೂ ಸೇರಿ ಆದ ಪದರವದು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಸುಣ್ಣದಂತೆ ಒಣಗಿ ಉದುರುತ್ತಿತ್ತು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಅಂಗಡಿಯೊಳಗಿನ ಗಾಳಿಯೇ ಅಷ್ಟು ಬಿಸಿಯಾಗಿರುವಾಗ ಆ ಗಾಳಿಯನ್ನೇ ಊದುವ ಫ್ಯಾನು ಎಷ್ಟು ತಂಪು ಮಾಡೀತು? ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತು ಯಂತ್ರ ಹೆಚ್ಚು ಜಡವಾಗುತ್ತಿದ್ದರೆ ಮೊದಲು ಇದನ್ನು ನೋಡಬೇಕು. ಬ್ರಷ್ಷು, ಬ್ಲೋವರ್, ಸಣ್ಣ ಪೇಸ್ಟ್ ಟ್ಯೂಬು, ಇಷ್ಟರಲ್ಲೇ ನಮ್ಮ ಯಂತ್ರದ ಕೆಲಸದ ವೇಳೆಯ ಬಿಸಿ ಎಂಬತ್ತರ ಮೇಲಿನಿಂದ ಅರವತ್ತರ ಆಸುಪಾಸಿಗೆ ಇಳಿಯಿತು.

ಇಷ್ಟಾದ ಮೇಲೆ ಪತ್ರಿಕೆಯ ಕೆಲಸದಲ್ಲಿ ದೂರಲು ಏನೂ ಉಳಿಯಲಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಡೆಸ್ಕ್‌ಟಾಪಿಗೆ ಎರಡು ಕೋರಿನ, ಅಂದರೆ ಲೆಕ್ಕ ಮಾಡುವ ಎರಡು ಘಟಕಗಳಿರುವ, ಪ್ರೊಸೆಸರುಗಳು ಬಂದದ್ದು 2005ರಲ್ಲಿ. ಅಂಥ ಸಾಫ್ಟ್‌ವೇರಿಗೆ ನಾಲ್ಕು ಕೋರು ಕೊಟ್ಟರೂ ಅದು ದುಡಿಸಿಕೊಳ್ಳುವುದು ಒಂದನ್ನೇ. ಇಲ್ಲಿ ಟಾಸ್ಕ್ ಮ್ಯಾನೇಜರಿನ ಅಂಕಿ ದಾರಿ ತಪ್ಪಿಸಬಹುದು ಎಂಬುದನ್ನೂ ಹೇಳಬೇಕು: ನಮ್ಮದರಂಥ ಎರಡು ಕೋರಿನ ಯಂತ್ರದಲ್ಲಿ ಒಂದು ಕೋರು ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಐವತ್ತು ಪ್ರತಿಶತ ಎಂದೇ ತೋರಿಸುತ್ತದೆ, ನಾಲ್ಕು ಕೋರಿನದರಲ್ಲಿ ಇಪ್ಪತ್ತೈದು. ಅಂಕಿ ಐವತ್ತರಲ್ಲೇ ಅಲುಗಾಡದೆ ನಿಂತಿದ್ದರೆ ಪ್ರೊಸೆಸರ್ ಬಿಡುವಾಗಿದೆ ಎಂದು ತಿಳಿಯಬಾರದು; ಪ್ರತಿ ಕೋರಿನ ನಕ್ಷೆಯನ್ನು ಬೇರೆಬೇರೆಯಾಗಿ ತೆರೆದು ನೋಡಬೇಕು. ಒಂದೇ ಕೋರಿನ ಕೆಲಸಕ್ಕೆ ಬೇಕಾದುದು ಗಡಿಯಾರ ವೇಗ, ಅಂದರೆ ಕೋರು ಸೆಕೆಂಡಿಗೆ ಎಷ್ಟು ಹೆಜ್ಜೆ ಹಾಕುತ್ತದೆ ಎಂಬುದು. ನಮ್ಮ ಜಿ2020ರದು 2.9 ಗಿಗಾಹರ್ಟ್ಜ್; ಅದೇ ಬೋರ್ಡಿಗೆ ಹೊಂದುವ ಐ5-3470, ಅಗತ್ಯವಿದ್ದಾಗ ತಾನೇ ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ ಏರುವುದು 3.6ರವರೆಗೆ. ಅಂದರೆ ಹೆಚ್ಚೆಂದರೆ ಕಾಲು ಭಾಗದ ಲಾಭ.

ವಿಡಿಯೊ ಆಮಂತ್ರಣದ ಕಥೆಯೇ ಬೇರೆ. ಒಂದು ನಿಮಿಷದ ವಿಡಿಯೊ ಸಿದ್ಧವಾಗಿ ಹೊರಬರಲು ಕಾಲು ಗಂಟೆ ಹಿಡಿಯುತ್ತಿತ್ತು, ಎಸ್‌ಎಸ್‌ಡಿ ಹಾಕಿದ ಮೇಲೂ ಆ ಹೊತ್ತು ಕಡಿಮೆಯಾಗಲಿಲ್ಲ. ಎರಡೂ ಕೋರುಗಳು ಮೊದಲಿಂದ ಕೊನೆಯವರೆಗೆ ನೂರಕ್ಕೆ ನೂರು ದುಡಿಯುತ್ತಿದ್ದವು. ಪ್ರೊಸೆಸರನ್ನು ದೂರಬೇಕಾದ ಜಾಗ ಇದು. ಕೋರು ಕಡಿಮೆ ಎಂಬುದಷ್ಟೇ ಕಾರಣವಲ್ಲ. ಆ ಕಾಲದ ಪೆಂಟಿಯಂಗಳಲ್ಲಿ ಇಂಟೆಲ್ ಎರಡು ಸೌಲಭ್ಯಗಳನ್ನು ಕೊಟ್ಟಿರಲಿಲ್ಲ: ವಿಡಿಯೊ ತಯಾರಿಯ ಕೆಲಸವನ್ನು ಪ್ರೊಸೆಸರಿನೊಳಗಿನ ಪ್ರತ್ಯೇಕ ವಿದ್ಯುನ್ಮಂಡಲಕ್ಕೆ ವಹಿಸುವ ಕ್ವಿಕ್ ಸಿಂಕ್, ಒಂದೇ ಆಜ್ಞೆಯಲ್ಲಿ ಹಲವು ಅಂಕಿಗಳ ಲೆಕ್ಕ ಮುಗಿಸುವ ಎವಿಎಕ್ಸ್. ಎವಿಎಕ್ಸ್ ಇಲ್ಲದಿದ್ದರೆ ಇಂದಿನ ಕೆಲವು ಸಾಫ್ಟ್‌ವೇರುಗಳು ತೆರೆಯುವುದೇ ಇಲ್ಲ. ಅದೇ ತಲೆಮಾರಿನ ಐ5-3470ರಲ್ಲಿ ನಾಲ್ಕು ಕೋರು, ಕ್ವಿಕ್ ಸಿಂಕ್, ಎವಿಎಕ್ಸ್ ಮೂರೂ ಇವೆ. ಎವಿಎಕ್ಸ್2 ಮಾತ್ರ ಅದರಲ್ಲೂ ಇಲ್ಲ. ಅದು ಬಂದದ್ದು 2013ರ ನಾಲ್ಕನೆಯ ತಲೆಮಾರಿನಲ್ಲಿ.

ಈ ತಲೆಮಾರಿನ ಲೆಕ್ಕವೇ ಕೊಳ್ಳುವವರನ್ನು ಹೆಚ್ಚು ಗೊಂದಲಕ್ಕೆ ದೂಡುತ್ತದೆ. ಅಂಗಡಿಯವರು ಬರೀ 'ಐ5' ಎನ್ನುತ್ತಾರೆ. ಆ ಹೆಸರಿನಲ್ಲಿ ಒಂದಕ್ಕೊಂದು ಹೊಂದದ ಹತ್ತಾರು ಪ್ರೊಸೆಸರುಗಳಿವೆ. ನಮ್ಮ ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಲ್‌ಜಿಎ 1155. ಅದಕ್ಕೆ ಕೂರುವುದು 2011ರ ಸ್ಯಾಂಡಿ ಬ್ರಿಡ್ಜ್ ಮತ್ತು 2012ರ ಐವಿ ಬ್ರಿಡ್ಜ್ ಮಾತ್ರ, ಅಂದರೆ 2ರಿಂದ ಅಥವಾ 3ರಿಂದ ಶುರುವಾಗುವ ನಾಲ್ಕಂಕಿಯ ಸಂಖ್ಯೆಯವು. 4ರಿಂದ ಶುರುವಾಗುವುದಕ್ಕೆ ಎಲ್‌ಜಿಎ 1150 ಬೇಕು, 6ರದಕ್ಕೆ 1151. ಮೊದಮೊದಲ ಎಚ್61 ಬೋರ್ಡುಗಳಲ್ಲಿ ಐವಿ ಬ್ರಿಡ್ಜ್ ಗುರುತಿಸಲು ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮಾಡಬೇಕಾಗುತ್ತದೆ; ನಮ್ಮ ಜಿ2020 ತಾನೇ ಐವಿ ಬ್ರಿಡ್ಜ್ ಆದ್ದರಿಂದ ಆ ತಾಪತ್ರಯ ಇರಲಿಲ್ಲ. ಕಂಪನಿ ಜೋಡಿಸಿ ಮಾರಿದ ಯಂತ್ರವಾದರೆ ಸಾಕೆಟ್ ಹೊಂದಿದರೂ ಬೋರ್ಡು ಒಪ್ಪದಿರಬಹುದು, ಆ ಮಾದರಿಯ ಪ್ರೊಸೆಸರ್ ಪಟ್ಟಿಯನ್ನು ನೋಡದೆ ಮುಂದುವರಿಯಬಾರದು.

ಇವೆಲ್ಲ ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ನಮಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗಿಂತ ಸಿಕಂದರಾಬಾದಿನ ಪಾರ್ಕ್ ಲೇನ್ ಹತ್ತಿರ. ಅಲ್ಲಿನ ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಲ್ಲಿ ವಿಚಾರಿಸಿದಾಗ ಐ5-3470ಕ್ಕೆ ಎರಡು ಸಾವಿರದೊಳಗೆ ಬೆಲೆ ಹೇಳಿದರು, ಎಂಟು ಥ್ರೆಡ್ಡಿನ, ಅಂದರೆ ಒಮ್ಮೆಗೆ ಎಂಟು ಕೆಲಸದ ಎಳೆ ಹಿಡಿಯುವ, ಐ7-3770ಕ್ಕೆ ಅದರ ಎರಡು ಪಟ್ಟಿಗೂ ಮಿಕ್ಕಿ. ಪ್ರೊಸೆಸರ್ ಸಾಮಾನ್ಯವಾಗಿ ಕೆಡುವ ವಸ್ತುವಲ್ಲವಾದ್ದರಿಂದ ಹಳೆಯದೆಂದು ನಾನು ಅಂಜುವುದಿಲ್ಲ; ಅಂಜಿಕೆ ಇರುವುದು ಬೋರ್ಡಿನ ಬಗ್ಗೆ. ಈ ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಮೇಲಲ್ಲ, ಬೋರ್ಡಿನ ಮೇಲೆ. ಕೂದಲೆಳೆಯಂಥ 1155 ಪಿನ್ನುಗಳಲ್ಲಿ ಒಂದು ಬಾಗಿದರೂ ಬೋರ್ಡು ಕೈಕೊಡಬಹುದು, ಹಳೆಯ ಎಚ್61 ಬೋರ್ಡಿಗಾಗಿ ಮತ್ತೆ ಹುಡುಕಾಟ ನಡೆಸಬೇಕಾಗುತ್ತದೆ. ಪ್ರೊಸೆಸರಿನ ಅಂಚಿನ ಎರಡು ಕಚ್ಚುಗಳನ್ನು ಸಾಕೆಟ್ಟಿನ ಉಬ್ಬುಗಳಿಗೆ ಹೊಂದಿಸಿ, ಒತ್ತದೆ, ಹಾಗೇ ಇಳಿಬಿಡಬೇಕು. ಇನ್ನೊಂದು ಎಚ್ಚರ ಬಿಸಿಯದು: ಜಿ2020 ಹೊರಹಾಕುವ ಶಾಖದ ಲೆಕ್ಕ 55 ವಾಟ್, ಐ5-3470ರದು 77. ಹಳೆಯ ಪುಟ್ಟ ಹೀಟ್‌ಸಿಂಕನ್ನೇ ನಂಬಿದರೆ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಸ ಪ್ರೊಸೆಸರ್ ತನ್ನ ಟರ್ಬೊ ವೇಗವನ್ನು ತೋರಿಸುವುದು ಕಷ್ಟ. ಕೂಲರಿನ ಬೆಲೆಯನ್ನೂ, ಯಂತ್ರಕ್ಕೆ ವಿದ್ಯುತ್ ಪೂರೈಸುತ್ತ ವರ್ಷಗಟ್ಟಲೆ ದುಡಿದ ಎಸ್‌ಎಂಪಿಎಸ್ ಬದಲಿಸಬೇಕಾದರೆ ಅದರ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಎಷ್ಟು ಖರ್ಚು ಮಾಡಿದರೂ ಈ ಯಂತ್ರ ದಾಟಲಾಗದ ಗೆರೆಯೊಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳು 2026ರ ಅಕ್ಟೋಬರ್‌ವರೆಗೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೆಯ ಅಥವಾ ಅದರ ಮುಂದಿನ ತಲೆಮಾರನ್ನು. ಐ7-3770 ಹಾಕಿದರೂ ನಾವು ಇರುವುದು ಮೂರನೆಯ ತಲೆಮಾರಿನಲ್ಲೇ. ಹೊಸ ಪ್ರೊಸೆಸರ್, ಬೋರ್ಡು, ಡಿಡಿಆರ್4 ರ್‍ಯಾಮ್ ಎಂದು ಹೊರಟರೆ ಇಪ್ಪತ್ತು ಸಾವಿರದ ಮಾತು, ಹಳೆಯ ಡಿಡಿಆರ್3 ರ್‍ಯಾಮ್ ಅದರಲ್ಲಿ ಕೂರುವುದೂ ಇಲ್ಲ. ಗಿರಾಕಿಗಳ ಆಧಾರ್, ಬ್ಯಾಂಕ್ ವಿವರಗಳು ಹಾದುಹೋಗುವ ಅರ್ಜಿ ಕೆಲಸವನ್ನು ಅಪ್‌ಡೇಟ್ ನಿಂತ ಯಂತ್ರದಲ್ಲಿ ಮಾಡುವುದು ನನಗೆ ಒಪ್ಪಿಗೆಯಿಲ್ಲದ ಕಾರಣ ಅದನ್ನು ಮನೆಯ ಲ್ಯಾಪ್‌ಟಾಪಿಗೆ ವರ್ಗಾಯಿಸಿದ್ದೇನೆ. ಪತ್ರಿಕೆ ಮತ್ತು ವಿಡಿಯೊ ಕೆಲಸಕ್ಕೆ ಹಳೆಯದಕ್ಕೆ ಇಂಟರ್ನೆಟ್ ಬೇಕಾಗಿಲ್ಲ.

ಹೀಗೆ ಲೆಕ್ಕ ಹಾಕಿ ಐ7ರ ಆಸೆ ಕೈಬಿಟ್ಟೆ: ಇನ್ನೆರಡು ಮೂರು ವರ್ಷವಷ್ಟೇ ಬಾಳಬೇಕಾದ ಬೋರ್ಡಿನ ಮೇಲೆ ಅಷ್ಟು ಹಣ ಸುರಿಯುವುದು ತರವಲ್ಲ. ವಿಡಿಯೊ ಆಮಂತ್ರಣದ ಬೇಡಿಕೆ ಇಲ್ಲದಿದ್ದರೆ ಐ5 ಕೂಡ ಬೇಡವಾಗಿತ್ತು, ಎಸ್‌ಎಸ್‌ಡಿಗೇ ನಿಲ್ಲಿಸುತ್ತಿದ್ದೆ. ಬರುವ ಲಗ್ನಸರಾಯಿಯ ಕೆಲವೇ ಆರ್ಡರುಗಳಲ್ಲಿ ಐ5-3470 ಮತ್ತು ಒಂದು ಒಳ್ಳೆಯ ಕೂಲರಿನ ಹಣ ಹುಟ್ಟುತ್ತದೆ ಎಂಬ ಕಾರಣಕ್ಕೆ, ಯಂತ್ರ ಗುರುತಿಸದಿದ್ದರೆ ವಾರದೊಳಗೆ ಹಿಂತಿರುಗಿಸುವ ಒಪ್ಪಂದದ ಮೇಲೆ ಎರಡನ್ನೂ ತರಿಸಲು ಹೇಳಿದ್ದೇನೆ. ಜಿ2020 ಡ್ರಾವರಿನಲ್ಲಿ ಇರಲಿ. ಹೊಸದು ತಕರಾರು ಮಾಡಿದ ದಿನ ಅದನ್ನೇ ಮತ್ತೆ ಕೂರಿಸಿ ಪತ್ರಿಕೆ ಕೆಲಸ ಸಾಗಿಸಬಹುದು.