ಮಳೆಗಾಲದ ತುರಿಕೆ ಮತ್ತು ಮನೆಯ ಆರೈಕೆ

ಆಷಾಢದ ಮಳೆ ಹಿಡಿದರೆ ಕೊಡಗಿನ ಮನೆಗಳಲ್ಲಿ ಹಂಡೆಯ ಕೆಳಗಿನ ಬೆಂಕಿ ಆರುವುದೇ ಇಲ್ಲ. ಅದೇ ದಿನಗಳಲ್ಲಿ ವಯಸ್ಸಾದವರ ಕಾಲಿನ ತುರಿಕೆಯೂ ಹೆಚ್ಚುತ್ತದೆ. ನಮ್ಮ ಅತ್ತೆಯವರ ಮೊಣಕಾಲಿನ ಕೆಳಗೆ ಚರ್ಮ ಹೊಟ್ಟಿನಂತೆ ಏಳುತ್ತದೆ, ಅದರ ಮೇಲೆ ಉಗುರಿನ ಕೆಂಪು ಗೆರೆಗಳು ಮೂಡಿರುತ್ತವೆ. ಸುಡುನೀರು ಹೊಯ್ದುಕೊಂಡಾಗ ಹಿತವೆನಿಸುವುದು ನಿಜವಾದರೂ, ಆ ನೀರು ಮತ್ತು ಸೋಪು ಚರ್ಮದ ಜಿಡ್ಡನ್ನು ತೊಳೆದುಬಿಡುವುದರಿಂದ ಸ್ವಲ್ಪ ಹೊತ್ತಿನಲ್ಲೇ ತುರಿಕೆ ಮರಳಿ ಬರುತ್ತದೆ.

ಆದ್ದರಿಂದ ಮೊದಲ ಮದ್ದು ಉಗುರುಬೆಚ್ಚಗಿನ ನೀರು. ಮೈ ಪೂರ್ತಿ ಒರೆಸುವ ಮೊದಲೇ, ಚರ್ಮದಲ್ಲಿ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಣಚರ್ಮಕ್ಕೆ ಶುದ್ಧ ಕೊಬ್ಬರಿ ಎಣ್ಣೆಯು ಪೆಟ್ರೋಲಿಯಂನಿಂದ ತಯಾರಾಗುವ ಮಿನರಲ್ ಎಣ್ಣೆಯಷ್ಟೇ ಗುಣ ಕೊಟ್ಟಿತ್ತು. ರಾತ್ರಿ ತುರಿಕೆ ತಡೆಯಲಾಗದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳುವುದು ಒಳ್ಳೆಯದು. ನುಣ್ಣಗೆ ಪುಡಿಮಾಡಿದ ಓಟ್ಸ್ ಕಲಸಿದ ನೀರೂ ಕೆರಳಿದ ಚರ್ಮವನ್ನು ಶಮನಗೊಳಿಸುತ್ತದೆ. ಪುದೀನಾದ ಮೆಂಥಾಲ್ ಇರುವ ಮುಲಾಮು ನರಗಳಿಗೆ ತಂಪಿನ ಭಾವನೆ ಕೊಟ್ಟು ತುರಿಕೆಯನ್ನು ಮರೆಸುತ್ತದೆ. ಆದರೆ ಅದನ್ನು ಒಡೆದ ಚರ್ಮಕ್ಕೆ ಹಚ್ಚಬಾರದು.

ಕೆರೆದು ಗಾಯವಾದ ಚರ್ಮಕ್ಕೆ ನಿಂಬೆರಸ ಮತ್ತು ಸುಣ್ಣವನ್ನು ತಾಗಿಸುವುದನ್ನು ನಾನು ಒಪ್ಪುವುದಿಲ್ಲ. ಇಸುಬಿಗೆಂದು ಮಾರುವ ಈವ್ನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡದ ಬೀಜದ ಎಣ್ಣೆಯ ಮಾತ್ರೆಗಳಿಗೂ ಹಣ ಸುರಿಯಬೇಕಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2013ರ ಪರಿಶೀಲನೆಯಲ್ಲಿ ಅವುಗಳಿಂದ ವಿಶೇಷ ಪ್ರಯೋಜನ ಕಂಡುಬಂದಿರಲಿಲ್ಲ.

ನನಗೆ ನಿಜಕ್ಕೂ ಕಳವಳ ತರುವುದು, ಏನಿದೆಯೆಂದು ಬರೆಯದ ಡಬ್ಬಿಯಲ್ಲಿ ಗಿಡಮೂಲಿಕೆಯ ಹೆಸರಿನಿಂದ ಬರುವ ಮುಲಾಮು. ಇಂಥವುಗಳಲ್ಲಿ ಕೆಲವೊಮ್ಮೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಬೆರೆತಿರುತ್ತದೆ. ಒದ್ದೆ ಬಟ್ಟೆಯಲ್ಲೂ ಬೂಟಿನಲ್ಲೂ ದಿನವಿಡೀ ತೋಟದಲ್ಲಿ ದುಡಿಯುವವರ ತೊಡೆಸಂದಿನಲ್ಲಿ ಉಂಗುರದಂತೆ ಹರಡುವ ಹುಳುಕಡ್ಡಿಗೆ ಅದನ್ನು ಹಚ್ಚಿದರೆ, ಕೆಂಪು ಮೊದಲು ಇಳಿದಂತೆ ಕಂಡು, ಒಳಗಿನ ಶಿಲೀಂಧ್ರ ಮಾತ್ರ ಇನ್ನಷ್ಟು ಹರಡುತ್ತದೆ. ಅದಕ್ಕೆ ಬೇಕಾದದ್ದು ಶಿಲೀಂಧ್ರನಾಶಕ ಔಷಧ ಮತ್ತು ಒಣಗಿದ ಬಟ್ಟೆ. ಎಣ್ಣೆಯಿಂದ ಅದು ಹೋಗುವುದಿಲ್ಲ.

ಮನೆಮಂದಿಗೆಲ್ಲ ರಾತ್ರಿ ಬೆರಳಸಂದಿಯಲ್ಲಿ ತುರಿಕೆ ಎದ್ದರೆ ಅದು ಕಜ್ಜಿ ಇರಬಹುದು. ವೈದ್ಯರು ಬರೆದುಕೊಡುವ, ಕಜ್ಜಿಯ ಹುಳುಗಳನ್ನು ಕೊಲ್ಲುವ ಪರ್ಮೆಥ್ರಿನ್ ಮುಲಾಮನ್ನು ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ವಾರಗಟ್ಟಲೆ ತುರಿಸುತ್ತಿದ್ದರೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್‌ಗಳ ಪರೀಕ್ಷೆಗೆ ರಕ್ತ ಕೊಡುವುದನ್ನು ಮುಂದೂಡಬೇಡಿ.